ಶನಿವಾರದ ಚಿತ್ರಕಲೆ ತರಗತಿಗೆ ಒಂದು ಚೊಂಬು ಕಳಿಸಿ

7, 8ನೇ ಕ್ಲಾಸಿನ ಮಕ್ಕಳ ತಂದೆ ತಾಯಿಗಳಿಗೆ ನಮಸ್ಕಾರ.

ಈ ಶನಿವಾರ ಬಣ್ಣ ಬೇಡ. 2ಬಿ, 6ಬಿ ಪೆನ್ಸಿಲ್, ಡ್ರಾಯಿಂಗ್ ಶೀಟ್, ಒಂದು ಹಿತ್ತಾಳೆ ಚೊಂಬು ಸಾಕು. ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಜಾಸ್ತಿ ಹೊಳೆದರೆ ನೆರಳು ಗುರುತಿಸುವುದು ಕಷ್ಟ.

ಕಳೆದ ವಾರ ಕುರ್ಚಿ ಬರೆಸಿದೆ. ಮೊದಲು ಎಲ್ಲರೂ ತಮಗೆ ಗೊತ್ತಿರುವ ಕುರ್ಚಿ ಬರೆದರು, ಎದುರಿಗಿದ್ದದ್ದನ್ನಲ್ಲ. ಆಮೇಲೆ, "ಕುರ್ಚಿ ಬಿಡಿ, ಕಾಲುಗಳ ನಡುವಿನ ಖಾಲಿ ಜಾಗ ಮಾತ್ರ ಬರೆಯಿರಿ" ಅಂದೆ. ಒಬ್ಬಳು ಮೂರು ಖಾಲಿ ಆಕಾರ ಬರೆದು ಮುಗಿಸುವಷ್ಟರಲ್ಲಿ ಹಾಳೆಯ ಮೇಲೆ ಕುರ್ಚಿ ತಾನಾಗಿಯೇ ನಿಂತಿತ್ತು. ಅವಳ ಮುಖ ನೋಡಬೇಕಿತ್ತು! ಇದೆಲ್ಲ ಆರ್ಟ್ ಕಾಲೇಜಿನ ಪಾಠ ಅಂತಾರೆ. 12 ವರ್ಷದವರಿಗೂ ಖಂಡಿತ ಆಗುತ್ತದೆ.

ಕೊನೆಗೆ ಚಿತ್ರ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೋರಿಸುತ್ತೇನೆ. ಕೆಲವೇ ಗೆರೆಗಳಲ್ಲಿ ಕುಣಿತ ಹೇಗೆ ಬಂತು ಅಂತ ಮಕ್ಕಳೇ ಹುಡುಕಲಿ.

ದಯವಿಟ್ಟು ಮನೆಯಲ್ಲಿ ಅವರ ಚಿತ್ರ ತಿದ್ದಬೇಡಿ. "ನನಗೆ ಬರಲ್ಲ" ಅಂತ ಸುಮ್ನೆ ಕೈಬಿಡುವ ವಯಸ್ಸು ಇದೇ ಅಲ್ವಾ? ರಬ್ಬರ್ ಕೂಡ ಬೇಡ. ತಪ್ಪಿದ ಗೆರೆ ಹಾಗೇ ಇರಲಿ, ಪಕ್ಕದಲ್ಲೇ ಇನ್ನೊಂದು ಎಳೆಯಲಿ.

ಬೆಳಗ್ಗೆ 9ಕ್ಕೆ ಶುರು. ಕಿಟಕಿಯ ಬಿಸಿಲು ಓರೆಯಾಗಿ ಬೀಳುವ ಹೊತ್ತು, ತಡ ಮಾಡಬೇಡಿ.