ದುಡಿಕೊಟ್ಟ್ ಪಾಟ್ ರೆಕಾರ್ಡಿಂಗ್ ಮುಗಿಯಿತು: ಬೆನ್ನಿಗೆ ನಿಂತವರಿಗೆಲ್ಲ ನಮಸ್ಕಾರ

ಕೊಡಗಿನ ನಾಪೋಕ್ಲು ಬದಿಯಲ್ಲಿ ಒಂದು ಕೊಡವ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ನಡೆಯುತ್ತಿದ್ದ ದುಡಿಕೊಟ್ಟ್ ಪಾಟ್ (ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ಹಾಡುವ ಕೊಡವರ ಹಾಡು), ಕೊಂಬು (ಬಾಗಿದ ಕಹಳೆ), ವಾಲಗದ ರೆಕಾರ್ಡಿಂಗ್ ಪೂರ್ತಿಯಾಗಿದೆ. ಹಾಡಿದವರಿಗೂ ನುಡಿಸಿದವರಿಗೂ ಮೊನ್ನೆ ಪ್ರತಿ ತಲುಪಿಸಿ ಬಂದೆ. ನಡುವೆ ಮೈಕೇ ಕೈಕೊಟ್ಟು, ಇನ್ನು ಆಗುವ ಮಾತಲ್ಲ ಎಂದುಕೊಂಡ ದಿನಗಳಿದ್ದವು. ಆಗ ಜೊತೆಗಿದ್ದವರ ಉಪಕಾರವನ್ನು ಎಲ್ಲರೆದುರು ಹೇಳಬೇಕು.

ಮೊದಲು ದೊಡ್ಡಪ್ಪ. ಮದರಾಸಿನ ಸ್ಟುಡಿಯೋದಲ್ಲಿ ದುಡಿದು ಊರಿಗೆ ಮರಳುವಾಗ ಅವರು ಕೊಂಡು ತಂದದ್ದು ಆರ್‌ಸಿಎ 44-ಬಿಎಕ್ಸ್ ರಿಬ್ಬನ್ ಮೈಕ್, ಅಂದರೆ ಆಯಸ್ಕಾಂತದ ನಡುವೆ ತೂಗುವ ತೆಳು ಅಲ್ಯೂಮಿನಿಯಂ ಪಟ್ಟಿ ಅಲುಗಿ ಸದ್ದು ಹಿಡಿಯುವ ಮೈಕ್. ಹ್ಯಾರಿ ಓಲ್ಸನ್ ಎಂಬ ಎಂಜಿನಿಯರ್ ಆರ್‌ಸಿಎ ಕಂಪನಿಯಲ್ಲಿ ರೂಪಿಸಿದ 44ರ ಸಾಲಿನದು, 1930ರ ದಶಕದ ವಿನ್ಯಾಸ. ಅಷ್ಟು ವರ್ಷ ಕೊಡಗಿನ ಮಳೆಗಾಲದ ಥಂಡಿ, ಬೂಷ್ಟಿನಿಂದ ಅದನ್ನು ಕಾಪಾಡಿ, "ಬೀರುವಿನಲ್ಲಿ ಇಡಬೇಡ, ಕೆಲಸಕ್ಕೆ ಹಚ್ಚು" ಎಂದು ನನ್ನ ಕೈಗಿಟ್ಟರು.

ಕೆಲಸಕ್ಕೆ ಹಚ್ಚುವ ಹೊತ್ತಿಗೆ ರಿಬ್ಬನ್ ಜೋತುಬಿದ್ದು ಆಯಸ್ಕಾಂತದ ಅಂಚಿಗೆ ತಾಗಿತ್ತು. ಸದ್ದು ಸತ್ತೇಹೋಗಿತ್ತು. ಇದನ್ನು ಸರಿಮಾಡುವವರು ನಮ್ಮ ಕಡೆ ಸಿಗುವುದಿಲ್ಲ. ಬೆಂಗಳೂರಿನ ಹಿರಿಯರೊಬ್ಬರು, ಹೆಸರು ಹಾಕಬೇಡ ಎಂದಿದ್ದಾರೆ, ಒಪ್ಪಿಕೊಂಡರು. ಅವರ ಎದುರು ಕೂತು ನೋಡಿದ್ದನ್ನು ಮರೆಯಲಾರೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಆಯಸ್ಕಾಂತದ ಸಂದಿನಲ್ಲಿ ಕೂತಿದ್ದ ಕಬ್ಬಿಣದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ಒತ್ತಿ ತೆಗೆದರು. ಹೊಸ ಅಲ್ಯೂಮಿನಿಯಂ ಹಾಳೆಯ ದಪ್ಪ ಎರಡು ಮೈಕ್ರಾನ್ ಆಸುಪಾಸು. ನಮ್ಮ ತಲೆಗೂದಲು ಅದರ ಎಷ್ಟೋ ಪಟ್ಟು ದಪ್ಪ. ಅದನ್ನು ಸಣ್ಣಗೆ ಪಟ್ಟಿ ಕತ್ತರಿಸಿ, ಎರಡು ಹಲ್ಲುಚಕ್ರಗಳ ನಡುವೆ ಹಾಯಿಸಿ ನಿರಿಗೆ ಹಿಡಿಸಿ, ಹಿತ್ತಾಳೆ ಚಿಮಟದಲ್ಲಿ ಎತ್ತಿ ಕೂರಿಸುವ ತನಕ ಅವರೂ ಉಸಿರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊಟ್ಟ ದುಡ್ಡಿನಲ್ಲಿ ಅರ್ಧ ವಾಪಸ್ ಮಾಡಿ, "ಕೊಂಬಿನ ಸದ್ದು ನನಗೂ ಕೇಳಿಸು" ಎಂದರು. ಕೇಳಿಸಿದ್ದೇನೆ ಸರ್. ನಿಮ್ಮ ಋಣ ದೊಡ್ಡದು.

ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ಮೈಕನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತವನು ತಂಗಿಯ ಮಗ. ಮಲಗಿಸಿದರೆ ರಿಬ್ಬನ್ ಮತ್ತೆ ಜಗ್ಗುತ್ತದೆ ಎಂದು ಒಂದು ಸಲ ಹೇಳಿದ್ದಷ್ಟೇ. ಕುಶಾಲನಗರದಲ್ಲಿ ಕಾಫಿಗೂ ಇಳಿಯಲಿಲ್ಲ ಹುಡುಗ.

ಹಾಡುವವರು, ವಾಲಗದವರು ಬಿಡುವಾಗಿ ಸಿಗುವುದು ಕೊಡವ ಪಂಚಾಂಗದ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ. ಮದುವೆ, ಶುಭಕಾರ್ಯ ಯಾವುದೂ ಇಲ್ಲದ ತಿಂಗಳು. ಆದರೆ ಜಡಿಮಳೆ, ಮೇಲೆ ಹಂಚಿನ ಮಾಡು. ಬೇರೆ ಮೈಕ್ ಇಟ್ಟಿದ್ದರೆ ಬರೀ ಮಳೆಯೇ ತುಂಬಿರುತ್ತಿತ್ತು. 44-ಬಿಎಕ್ಸ್ ಮುಂದಿನಿಂದಲೂ ಹಿಂದಿನಿಂದಲೂ ಸಮನಾಗಿ ಕೇಳಿಸಿಕೊಳ್ಳುತ್ತದೆ. ಎಡಬಲದ, ಮೇಲುಕೆಳಗಿನ ಸದ್ದು ರಿಬ್ಬನ್ನಿನ ಎರಡೂ ಮೈಯನ್ನು ಒಂದೇ ಬಲದಲ್ಲಿ ಒತ್ತುವುದರಿಂದ ಅದು ಅಲುಗುವುದೇ ಕಡಿಮೆ. ಹಾಗಾಗಿ ಮಾಡಿನ ಸದ್ದು ಪೂರ್ತಿ ಹೋಗದಿದ್ದರೂ ದೂರಕ್ಕೆ ಸರಿಯಿತು. ದುಡಿಕೊಟ್ಟ್ ಪಾಟ್ ಹಾಡುವವರು ನಾಲ್ವರು, ಇಬ್ಬರು ಹೇಳಿದ್ದಕ್ಕೆ ಇನ್ನಿಬ್ಬರು ದನಿಗೂಡಿಸಬೇಕು. ಮೈಕಿನ ಈಚೆ ಇಬ್ಬರು, ಆಚೆ ಇಬ್ಬರು ಎದುರುಬದುರು ಕೂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಂದಿನಂತೆ ಹಾಡಿದರು. ನಾಟಿ ಗದ್ದೆಯಿಂದ ನೇರ ಬಂದು, ಕೈಕಾಲು ತೊಳೆದು, ದಣಿವು ತೋರಿಸದೆ ನಡುರಾತ್ರಿಯವರೆಗೆ ದನಿ ಕೊಟ್ಟ ಆ ನಾಲ್ವರು ಅಣ್ಣಂದಿರಿಗೆ ನಾನು ಏನು ಹೇಳಿದರೂ ಕಡಿಮೆಯೇ.

ಕೊಂಬಿನವರ ತಾಳ್ಮೆ ದೊಡ್ಡದು. ಊದಿದ ಗಾಳಿ ನೇರ ಬಡಿದರೆ ರಿಬ್ಬನ್ ಹರಿದೀತು. ಅದಕ್ಕೆ ಅವರನ್ನು ಕೈಯಾಲೆಯ (ಮನೆ ಮುಂದಿನ ಜಗಲಿಯ) ಬಾಗಿಲ ತನಕ ಹಿಂದೆ ಸರಿಸಿ, ಮೈಕನ್ನು ಸ್ವಲ್ಪ ಓರೆ ಮಾಡಿದೆವು. "ಇಷ್ಟು ದೂರ ನಿಂತರೆ ಕೇಳುತ್ತದಾ?" ಎಂದು ಹಿರಿಯರು ಅನುಮಾನಪಟ್ಟರು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದವರು ತೆಗೆಯಲೇ ಇಲ್ಲ. ಕಿವಿ ಚುಚ್ಚುವ ಅಂಚು ಇಳಿದು ಹಿತ್ತಾಳೆಯ ತುಂಬುದನಿ ಉಳಿದಿತ್ತು. ವಾಲಗದ ಪೀಪಿಯೂ ಅಷ್ಟೇ ಹಿತವಾಗಿ ಬಂತು. ನನ್ನ ಮಟ್ಟಿಗೆ ಈ ಎರಡು ವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ಮೈಕ್ ಇಲ್ಲ.

ಈ ಮೈಕಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು, 60 ಡೆಸಿಬೆಲ್‌ಗೂ ಮಿಕ್ಕಿ ಏರಿಸಬೇಕು. ತನ್ನ ಒಳ್ಳೆಯ ಪ್ರೀಆಂಪನ್ನೇ ಬಿಟ್ಟುಕೊಟ್ಟು, ಕೇಬಲ್ ಮೂಲಕ ಮೈಕಿಗೆ ಹರಿದು ರಿಬ್ಬನ್ನನ್ನು ಕೆಡಿಸಬಹುದಾದ 48 ವೋಲ್ಟ್ ಫ್ಯಾಂಟಮ್ ಪವರ್ ತಪ್ಪಿಯೂ ಆನ್ ಆಗದಂತೆ ಗುಂಡಿಯ ಮೇಲೆ ಟೇಪ್ ಅಂಟಿಸಿ, ಒಂದೊಂದು ಕೇಬಲನ್ನೂ ಪರೀಕ್ಷಿಸಿದ ಮಡಿಕೇರಿಯ ಗೆಳೆಯನಿಗೆ, ನಮಗಾಗಿ ಮೋಟರ್ ನಿಲ್ಲಿಸಿದ ಪಕ್ಕದ ತೋಟದವರಿಗೆ, ಮನೆಯ ನಡುಕೋಣೆಯಾದ ನಡುಬಾಡೆಯನ್ನೇ ಬಿಟ್ಟುಕೊಟ್ಟ ಒಕ್ಕದ ಪಟ್ಟೆದಾರರಿಗೆ (ಕುಲದ ಯಜಮಾನರಿಗೆ), ಕಕ್ಕಡ ಹದಿನೆಂಟರಂದು ಎಲ್ಲರಿಗೂ ಮದ್ದುಸೊಪ್ಪಿನ ಪಾಯಸ ಬಡಿಸಿದ ಚಿಕ್ಕಮ್ಮನಿಗೆ ಮನಸಾರೆ ವಂದನೆ.

ಪ್ರತಿ ಬೇಕಾದ ಊರಿನವರು ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇನೆ. ಹಾಡಿದವರೂ ನುಡಿಸಿದವರೂ ಒಪ್ಪಿದ್ದಾರೆ, ದುಡ್ಡು ಬೇಡ ಎಂದಿದ್ದಾರೆ.