ಪುಟ್ಟಿಗೆ, ಗೌರಿಬಿದನೂರಿನಿಂದ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉ.ಕು.ಸಾಂ.

ನೀನು ವಿಯೆನ್ನಾಕ್ಕೆ ಹೊರಟ ಸುದ್ದಿ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಓದುವುದು ಅಣ್ವಸ್ತ್ರ ನೀತಿ ಅಂದದ್ದಕ್ಕೆ ನಿನ್ನ ದೊಡ್ಡಮ್ಮ, ‘ಹೆಣ್ಣುಹುಡುಗಿಗೆ ಬಾಂಬಿನ ಸಹವಾಸ ಯಾಕಂತೆ’ ಎಂದಳು. ನಕ್ಕು ಮಲಗಿದೆ, ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಕಾಗದ.

ನಿನಗೆ ಗೊತ್ತಲ್ಲ, ನಾನು ಬಾಂಬು ಮಾಡುವ ಕಡೆ ಇದ್ದವನಲ್ಲ, ಅದು ಸಿಡಿದರೆ ಕಿವಿಗೊಡುವ ಕಡೆ ಇದ್ದವನು. 1963ರ ಒಪ್ಪಂದದ ಮೇಲೆ ಅಮೆರಿಕ, ಸೋವಿಯತ್, ಬ್ರಿಟನ್ ಮೂವರೂ ಬಯಲಲ್ಲಿ ಸಿಡಿಸುವುದು ಬಿಟ್ಟು ನೆಲದಡಿಗೆ ಇಳಿದರು. ನೆಲದಡಿಯದು ಕಣ್ಣಿಗೆ ಕಾಣದು, ಕಂಪನವೇ ಗತಿ. ಹಾಗಾಗಿ 1965ರಲ್ಲಿ ಬ್ರಿಟಿಷರ ನೆರವಿನಿಂದ ನಮ್ಮೂರ ಆಚೆ, ಹೊಲಗಳ ನಡುವೆ, ‘ಎಲ್’ ಅಕ್ಷರದ ಆಕಾರದಲ್ಲಿ 20 ಕಂಪನಮಾಪಕಗಳನ್ನು ನೆಲಕ್ಕಿಳಿಸಿದರು. ಶೇಂಗಾ ಬೆಳೆಯುವ ಊರಿನಲ್ಲಿ ಕೂತು ದೂರದೂರದ ಸ್ಫೋಟಗಳ ಲೆಕ್ಕ ಇಡುವುದು ನಮ್ಮ ನೌಕರಿ.

ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಸೂಜಿ ತಟ್ಟನೆ ಮೇಲಕ್ಕೆ ನೆಗೆದು ಚೂಪಾದ ಗೆರೆ ಎಳೆಯಿತು. ‘ಸ್ಫೋಟ ಸಾರ್!’ ಎಂದು ಕಾಗದ ಹಿಡಿದು ಓಡಿದೆ. ಹಿರಿಯರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ‘ಮೊದಲು ಗಡಿಯಾರ ನೋಡಯ್ಯಾ’ ಎಂದರು. ಕಲ್ಲು ಕ್ವಾರಿಯವರು ಊಟ ಮುಗಿಸಿ ಮದ್ದು ಸಿಡಿಸುವ ಹೊತ್ತು ಅದು. ಭೂಕಂಪ ಗಡಿಯಾರ ನೋಡಿ ಬರುವುದಿಲ್ಲ, ಕ್ವಾರಿಯವನು ನೋಡಿಯೇ ಸಿಡಿಸುತ್ತಾನೆ. ಆಮೇಲೆ ಉಳಿದದ್ದನ್ನು ಕಲಿಸಿದರು. ಸ್ಫೋಟ ನೆಲವನ್ನು ಸುತ್ತಲೂ ಹೊರಕ್ಕೇ ತಳ್ಳುತ್ತದೆ, ಹಾಗಾಗಿ ಯಾವ ದಿಕ್ಕಿನ ಕೇಂದ್ರದಲ್ಲೂ ಮೊದಲ ಅಲೆ ಮೇಲಕ್ಕೇ ಏಳಬೇಕು. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಎಳೆಯುತ್ತದೆ. ನೆಲದ ಮೇಲ್ಮೈಯಲ್ಲಿ ಉರುಳಿ ಬರುವ ನಿಧಾನದ ಅಲೆಗಳೂ ಭೂಕಂಪದಲ್ಲಿ ದೊಡ್ಡವು, ಸ್ಫೋಟದಲ್ಲಿ ಸಣ್ಣವು. ಸದ್ದಿನ ಗಾತ್ರ ನೋಡಿ ಹೆದರಬೇಡ, ಅದರ ಗುಣ ನೋಡು ಎನ್ನುತ್ತಿದ್ದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೀನು ಸೇರುತ್ತಿರುವ ಲೋಕದಲ್ಲಿ ಡಿಟರೆನ್ಸ್ ಬಗ್ಗೆ ಮಾತನಾಡುವವರು ಬೇಕಾದಷ್ಟು ಜನ. ನೀನು ಹೊಡೆದರೆ ನಾನೂ ಹೊಡೆಯುತ್ತೇನೆ, ಆದ್ದರಿಂದ ಇಬ್ಬರೂ ಹೊಡೆಯುವುದಿಲ್ಲ. ಹೇಳುವುದಕ್ಕೆ ಸಲೀಸು. ಆದರೆ ಹೊಡೆದದ್ದು ಹೌದೋ ಅಲ್ಲವೋ ಎಂದು ನೋಡಿ ಹೇಳುವವನು ಒಬ್ಬ ಬೇಕಲ್ಲ? 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಉಪಗ್ರಹ ವ್ಯವಸ್ಥೆ, ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದು ಕೂಗಿಕೊಂಡಿತು. ಪಾಳಿಯಲ್ಲಿದ್ದ ಸೇನಾಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ಯುದ್ಧ ಹೂಡುವವರು ಐದೇ ಐದು ಬಿಟ್ಟು ಸುಮ್ಮನಿರುತ್ತಾರೆಯೇ ಎಂಬುದು ಅವನ ಲೆಕ್ಕ. ನೆಲದ ರೇಡಾರುಗಳಲ್ಲೂ ಏನೂ ಇರಲಿಲ್ಲ. ಅಮೆರಿಕದ ಕಡೆಯ ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಬೆಂಕಿ ಎಂದುಕೊಂಡಿತ್ತು. ಹಗ್ಗ ನೋಡಿ ಹಾವೆಂದ ಹಾಗೆ.

ನಮ್ಮದೂ ಇದೆ. 2022ರ ಮಾರ್ಚ್ 9ರಂದು ನಮ್ಮ ಕಡೆಯಿಂದ ಕೈತಪ್ಪಿ ಹಾರಿದ ಕ್ಷಿಪಣಿ ಪಾಕಿಸ್ತಾನದ ಮಿಯಾ ಚನ್ನು ಹತ್ತಿರ ಹೋಗಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಆಕಸ್ಮಿಕ ಎಂದು ನಮ್ಮ ಸರ್ಕಾರದ ಹೇಳಿಕೆ ಬಂದದ್ದು 11ನೇ ತಾರೀಕು. ಮಧ್ಯದ ಆ ಎರಡು ದಿನ ಎರಡೂ ಕಡೆ ಯಾರು ಏನು ಯೋಚಿಸಿದರು ಎಂಬುದೇ ನೀನು ಕೆದಕಬೇಕಾದ ವಿಷಯ. ಸೆಮಿನಾರುಗಳಲ್ಲಿ ಇದನ್ನು ಯಾರಾದರೂ ಅಡಿಟಿಪ್ಪಣಿಗೆ ತಳ್ಳಿದರೆ ಎದ್ದು ನಿಂತು ಕೇಳು.

1998ರ ನಮ್ಮ ಪೋಖ್ರಾನ್ ಅಣುಪರೀಕ್ಷೆಯ ಮಾತು ನಿನಗೆ ಅಲ್ಲಿ ಖಂಡಿತ ಎದುರಾಗುತ್ತದೆ. ಮೇ 11ರ ಉಷ್ಣಪರಮಾಣು ಸಾಧನದ, ಅಂದರೆ ಹೈಡ್ರೋಜನ್ ಬಾಂಬಿನ, ಬಲ 45 ಕಿಲೋಟನ್ ಎಂದು ನಮ್ಮವರು, ಅಷ್ಟಿಲ್ಲ ಎಂದು ಹೊರಗಿನ ಹಲವು ಭೂಕಂಪತಜ್ಞರು. ಅವತ್ತು ಮೂರು ಸಾಧನಗಳನ್ನು ಒಟ್ಟಿಗೇ ಸಿಡಿಸಿದ್ದರಿಂದ ಅಲೆಗಳು ಒಂದನ್ನೊಂದು ತಿಂದಿವೆ ಎಂದು ನಮ್ಮವರ ಉತ್ತರ. 2009ರಲ್ಲಿ ಪರೀಕ್ಷೆಯಲ್ಲೇ ಭಾಗಿಯಾಗಿದ್ದ ಕೆ. ಸಂತಾನಂ ಬಹಿರಂಗವಾಗಿ ಅನುಮಾನ ಎತ್ತಿದರು. ಮೇ 13ರ ಎರಡು ಸಣ್ಣವಂತೂ ಹೊರದೇಶದ ಕೇಂದ್ರಗಳಿಗೆ ಕೇಳಿಸಲೇ ಇಲ್ಲ. ಭಾರತದವಳು ಎಂದು ನಿನ್ನ ಬಾಯಿಂದ ಒಂದು ಅಂಕಿ ಹೊರಡಿಸಲು ಎರಡೂ ಪಕ್ಷದವರು ನೋಡುತ್ತಾರೆ. ಗೆರೆ ಏನು ಹೇಳುತ್ತದೋ ಅಷ್ಟು ಹೇಳು. ಬಾವುಟವನ್ನು ಅದಕ್ಕೆ ಸುತ್ತಬೇಡ. ದೇಶಾಭಿಮಾನ ನನಗೇನು ಕಮ್ಮಿಯಿಲ್ಲ, ನಮ್ಮ ತುಮಕೂರಿನ ಅಣುವಿಜ್ಞಾನಿ ರಾಜಾ ರಾಮಣ್ಣ ಎಂದರೆ ಈಗಲೂ ಎದೆ ಉಬ್ಬುತ್ತದೆ. ಆದರೂ ಹೇಳುತ್ತಿದ್ದೇನೆ.

ಒಪ್ಪಂದ ಅಂದರೆ ನಾಯಕರು ಪೆನ್ನು ಬದಲಾಯಿಸಿಕೊಳ್ಳುವ ಫೋಟೊ ಅಂದುಕೊಳ್ಳಬೇಡ. ಮಧ್ಯಮ ದೂರದ ಕ್ಷಿಪಣಿಗಳನ್ನು ಕೈಬಿಡಲು ಅಮೆರಿಕ, ಸೋವಿಯತ್ ಮಾಡಿಕೊಂಡ 1987ರ ಐಎನ್‌ಎಫ್ ಒಪ್ಪಂದದಿಂದ 2,692 ಕ್ಷಿಪಣಿಗಳು ನಾಶವಾದವು. ಆದರೆ ಅದನ್ನು ನಡೆಸಿದವರು ರಷ್ಯದ ವೋಟ್ಕಿನ್ಸ್ಕ್ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲಿ 13 ವರ್ಷ ಪಾಳಿಯ ಮೇಲೆ ಕೂತು, ನಿಷೇಧಿತ ಕ್ಷಿಪಣಿ ಒಳಗಿದೆಯೇ ಎಂದು ಹೊರಗೆ ಬರುವ ವ್ಯಾಗನ್ನುಗಳ ಉದ್ದ ಅಳೆದ ಅಮೆರಿಕನ್ನರು. ಅಮೆರಿಕದ ಯೂಟಾದಲ್ಲಿ ರಷ್ಯನ್ನರದೂ ಅದೇ ಕೆಲಸ. ಚಳಿ, ಬೇಸರ, ಅಳತೆ ಟೇಪು. ಇವತ್ತು ಆ ಒಪ್ಪಂದವೂ ಇಲ್ಲ. ಅಮೆರಿಕ, ರಷ್ಯ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿಕೊಂಡ ‘ನ್ಯೂ ಸ್ಟಾರ್ಟ್’ ಒಪ್ಪಂದದ ತಪಾಸಣೆ 2020ರಲ್ಲಿ ಕೋವಿಡ್ ಎಂದು ನಿಂತದ್ದು ಮತ್ತೆ ಶುರುವಾಗದೆ, 2026ರ ಫೆಬ್ರುವರಿ 5ಕ್ಕೆ ಒಪ್ಪಂದದ ಅವಧಿಯೇ ಮುಗಿದುಹೋಯಿತು. ಅಳೆಯಲು ಬರುವವರು ಒಬ್ಬೊಬ್ಬರೇ ನಿವೃತ್ತರಾಗುತ್ತಿದ್ದಾರೆ. ಅಲ್ಲಿ ಅಂಥ ಮುದುಕರು ಸಿಕ್ಕರೆ ಬಿಡಬೇಡ. ಕಾಫಿ ಕುಡಿಸು, ಕೂರಿಸಿ ಕೇಳು. ಪಠ್ಯ ಎಲ್ಲಿಗೂ ಓಡಿಹೋಗುವುದಿಲ್ಲ.

ನಮ್ಮ ಕಡೆಯ ಒಂದು ಸಣ್ಣ ಕಾಗದದ ವಿಚಾರವನ್ನೂ ಅವರಿಗೆ ತಿಳಿಸು. ಪರಸ್ಪರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು 1988ರ ಡಿಸೆಂಬರ್ 31ರಂದು ಭಾರತ, ಪಾಕಿಸ್ತಾನ ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಪಟ್ಟಿ ಕೊಟ್ಟು ಪಟ್ಟಿ ತೆಗೆದುಕೊಳ್ಳುತ್ತಾರೆ. ಕಾರ್ಗಿಲ್ ಆದ ಮೇಲೂ ಕೊಟ್ಟರು, ಪುಲ್ವಾಮಾ ಆದ ಮೇಲೂ ಕೊಟ್ಟರು. ಪಟ್ಟಿಯಲ್ಲಿ ಎಲ್ಲವೂ ಇರುತ್ತದೆಂದು ನಾನು ನಂಬುವವನಲ್ಲ. ಆದರೂ ಹೊಸವರ್ಷದ ದಿನ ಎದ್ದು ಹೋಗಿ ಲಕೋಟೆ ತಲುಪಿಸುವ ಆ ಗುಮಾಸ್ತನ ಮೇಲೆ ನನಗೆ ಗೌರವ.

ಹೊರಡುವ ಮುಂಚೆ ಒಂದು ದಿನ ಯಶವಂತಪುರದಲ್ಲಿ ರೈಲು ಹತ್ತಿ ಬಂದು ಹೋಗು. ದೊಡ್ಡಮ್ಮ ಚಟ್ನಿಪುಡಿ ಕುಟ್ಟಿಸಿ ಇಟ್ಟಿದ್ದಾಳೆ. ಊಟ ಆದ ಮೇಲೂ ಸ್ವಲ್ಪ ಹೊತ್ತು ಕೂತಿರು. ಕಿಟಕಿ ಗಾಜು ಅದುರುತ್ತದೆ, ನೀನು ಏನು ನೋಡುತ್ತೀಯೋ ನಾನು ನೋಡಬೇಕು.

ಇಂತಿ ನಿನ್ನ ದೊಡ್ಡಪ್ಪ