ಎದೆ ತಾಳಕ್ಕೆ ಬಂತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ದೀಪಾವಳಿಗೆ ಆಸ್ಪತ್ರೆ ಸೇರಿದ್ದೆ. ಈ ದೀಪಾವಳಿವರೆಗೆ ಎದೆಯ ಡವಡವ ಮತ್ತೆ ಕಾಡಿಲ್ಲ. ಮೊನ್ನೆಯ ಇಸಿಜಿಯೂ ಸರಿ ಇದೆ. ಇದರಲ್ಲಿ ನನಗಿಂತ ಬೇರೆಯವರ ಪಾಲೇ ಜಾಸ್ತಿ.

ಮೊದಲು ನಮ್ಮ ಡಾಕ್ಟರಿಗೆ. ನನಗಿದ್ದ ಏಟ್ರಿಯಲ್ ಫಿಬ್ರಿಲೇಷನ್ ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಇದನ್ನೆಲ್ಲ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. "ಮಾತ್ರೆ ಒಂದೇ ಸಾಲದು ಮಾರಾಯ್ರೆ. ಬಿಪಿ, ತೂಕ, ಗೊರಕೆ, ಗ್ಲಾಸು, ಎಲ್ಲವನ್ನೂ ನೋಡ್ಬೇಕು" ಅಂದರು. ಆಸ್ಟ್ರೇಲಿಯಾದ ಅಡಿಲೇಡ್‌ನವರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದರು. ದಪ್ಪ ಇದ್ದವರಲ್ಲಿ ಶೇ. 10ರಷ್ಟು ತೂಕ ಇಳಿಸಿದವರಿಗೆ ಈ ತೊಂದರೆ ಮರುಕಳಿಸಿದ್ದು ಬಹಳ ಕಡಿಮೆ. 90 ಕಿಲೋದ ನನಗೆ 81ರ ಗುರಿ ಸಿಕ್ಕಿದ್ದು ಹಾಗೆ.

ಹೆಂಡತಿಗೆ ಎಷ್ಟು ಹೇಳಿದರೂ ಕಡಿಮೆಯೇ. ಗೊರಕೆಯ ನಡುವೆ ನನ್ನ ಉಸಿರು ನಿಲ್ಲುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸಿದ್ದು ಅವಳೇ. ಪರೀಕ್ಷೆ ಮಾಡಿದಾಗ ಸ್ಲೀಪ್ ಆಪ್ನಿಯಾ ಅಂತ ಗೊತ್ತಾಯಿತು. ಈಗ ಮೂಗಿಗೆ ಸಿಪ್ಯಾಪ್ ಮಾಸ್ಕ್ (ಉಸಿರುದಾರಿ ಮುಚ್ಚದ ಹಾಗೆ ಕೊಳವೆಯಲ್ಲಿ ಗಾಳಿ ಒತ್ತುವಂಥದ್ದು) ಹಾಕಿ ಮಲಗುತ್ತೇನೆ. ಮೊಮ್ಮಗಳಿಗೆ ನಾನು ಆನೆ ಅಜ್ಜ. ಇನ್ನು ಅಡುಗೆಮನೆ. ಬಿಪಿಗಾಗಿ ಉಪ್ಪಿನಕಾಯಿ ಭರಣಿ ಅಟ್ಟ ಸೇರಿತು, ಒಣಮೀನು ಬಂದ್. ಕುಚ್ಚಲಕ್ಕಿ ಗಂಜಿಗೆ ಈಗ ತಿಮರೆ ಚಟ್ನಿ. ಉಪ್ಪು ಅರ್ಧ, ಗಾಂಧಾರಿ ಮೆಣಸು ಎರಡು ಜಾಸ್ತಿ. ನನಗೊಂದು ತನಗೊಂದು ಅಂತ ಮಾಡದೆ ಅವಳೂ ಅದನ್ನೇ ಉಣ್ಣುತ್ತಾಳೆ.

ಭಾವನನ್ನು ಮರೆಯುವುದುಂಟೇ? ಕುಟುಂಬದ ಯಾವ ಕಾರ್ಯಕ್ರಮವಿದ್ದರೂ ನನ್ನ ಕೈಗೆ ಪುನರ್ಪುಳಿ ಶರಬತ್ತು ಕೊಡುವವರು ಅವರು. "ಒಂದು ಪೆಗ್ಗಿಗೆ ಏನಾಗ್ತದೆ?" ಅಂದವರಿಗೆ, "ನಿನಗೆ ಏನೂ ಆಗ್ಲಿಕ್ಕಿಲ್ಲ, ಅವನಿಗೆ ಆಗ್ತದೆ" ಅಂತ ಅಲ್ಲೇ ಬಾಯಿ ಮುಚ್ಚಿಸಿದರು. ಕುಡಿತಕ್ಕೂ ಈ ಕಾಯಿಲೆಗೂ ನಂಟಿದೆ ಅಂತ ನಮ್ಮೂರಲ್ಲಿ ಎಷ್ಟು ಜನರಿಗೆ ಗೊತ್ತೋ!

ಕದ್ರಿ ಪಾರ್ಕಿನ ಗೆಳೆಯರೇ, ಆಟಿಯ ಮಳೆಯಲ್ಲೂ ನೀವು ವಾಕಿಂಗ್ ಬಿಡಲಿಲ್ಲ. ನಮ್ಮ ಫ್ಲ್ಯಾಟಿನ ಪಾರ್ಕಿಂಗ್‌ಗೇ ಬಂದು, ಸ್ಕೂಟರುಗಳ ನಡುವೆ ನನ್ನ ಜೊತೆ ಸುತ್ತು ಹಾಕಿದಿರಿ. ವಾಚ್‌ಮನ್ ನಮ್ಮನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

"ಗುಣ ಆಯ್ತಲ್ಲ, ರಕ್ತ ಹೆಪ್ಪುಗಟ್ಟದ ಮಾತ್ರೆ ಇನ್ನೂ ಯಾಕೆ?" ಅಂತ ಕೆಲವರು ಕೇಳುತ್ತಾರೆ. ಅದನ್ನು ವಯಸ್ಸು, ಬಿಪಿ ಎಲ್ಲ ನೋಡಿ ಡಾಕ್ಟರು ಕೊಡುವುದು. ಎದೆ ಸುಮ್ನಿದೆ ಅಂತ ನಾವೇ ನಿಲ್ಲಿಸುವ ಹಾಗಿಲ್ಲ.

ಬರುವ ಭಾನುವಾರ ಎಲ್ಲರೂ ಮನೆಗೆ ಬನ್ನಿ, ಪುಂಡಿ ಮಾಡುತ್ತೇವೆ. ಉಪ್ಪು ಕಡಿಮೆ ಇರುತ್ತದೆ, ಈಗಲೇ ಹೇಳಿದ್ದೇನೆ.